ನಕ್ಷತ್ರಿಕನ ಮಾತು

ಕಳೆದ ವರ್ಷ ಆಷಾಢದಲ್ಲಿ ಊರಿಗೆ ಹೋಗಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಣ್ಣನೂ ನಾನೂ ನಡುಮನೆಯಲ್ಲಿ ಕುಳಿತಿದ್ದೆವು. ಟಿ.ವಿ.ಯಲ್ಲಿ ‘ಸತ್ಯ ಹರಿಶ್ಚಂದ್ರ’ ಬರುತ್ತಿತ್ತು. 1965ರ ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರಲ್ಲ, ಆ ಪ್ರತಿ. ಅತ್ತಿಗೆ ಒಳಗೆ ಪಾತ್ರೆ ಎತ್ತಿಡುತ್ತಿದ್ದರು. ಹಲ್ಲಿಗೆ ಹೊಸದಾಗಿ ಕ್ಲಿಪ್ ಹಾಕಿಸಿಕೊಂಡು ಬಂದಿದ್ದ ಅಣ್ಣನ ಮೊಮ್ಮಗಳು ನೆಲದ ಮೇಲೆ ಪುಸ್ತಕ ಹರಡಿಕೊಂಡು, ಬರೆಯುವುದನ್ನು ಬಿಟ್ಟು ತೆರೆಯನ್ನೇ ನೋಡುತ್ತಿದ್ದಳು. ವಿಶ್ವಾಮಿತ್ರನ ಸಾಲ ವಸೂಲಿಗೆಂದು ಹರಿಶ್ಚಂದ್ರನ ಬೆನ್ನಿಗೆ ನಕ್ಷತ್ರಿಕ ಹೊರಡುವ ಭಾಗ ಬಂತು. ನರಸಿಂಹರಾಜು ತೆರೆಯ ಮೇಲೆ ಕಾಣಿಸಿಕೊಂಡರು. ನಾನು ಅಭ್ಯಾಸಬಲದಿಂದ ಅಣ್ಣನ ಕಡೆ ತಿರುಗಿದೆ. ಅವನು ಈಗ ಎದ್ದು ಹಿತ್ತಲಿಗೆ ಹೋಗುತ್ತಾನೆ, ತೆಂಗಿನ ಬುಡಕ್ಕೆ ನೀರು ಬಿಟ್ಟಿದೆಯೋ ನೋಡಬೇಕು ಎಂದೋ ಹಸುವಿಗೆ ಹುಲ್ಲು ಹಾಕಬೇಕು ಎಂದೋ ಒಂದು ನೆಪ ಹೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಸುಮಾರು ಐವತ್ತು ವರ್ಷ ಅವನು ಹಾಗೆಯೇ ಎದ್ದುಹೋಗಿದ್ದಾನೆ. ಆ ದಿನ ಮಾತ್ರ ಏಳಲಿಲ್ಲ.

ಅಣ್ಣನಿಗೆ ಹುಟ್ಟಿನಿಂದ ಉಬ್ಬುಹಲ್ಲು. ಶಾಲೆಯಲ್ಲಿ ಅವನ ನಿಜವಾದ ಹೆಸರನ್ನು ಹಾಜರಿ ಪುಸ್ತಕ ಹಿಡಿದ ಮೇಷ್ಟ್ರನ್ನು ಬಿಟ್ಟರೆ ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ‘ನರಸಿಂಹರಾಜು’. ನಮ್ಮದು ತಿಪಟೂರಿನ ಕಡೆಯ ಊರು. ನರಸಿಂಹರಾಜು ಹುಟ್ಟಿದ್ದೂ ತಿಪಟೂರಿನಲ್ಲಿ, 1923ರ ಜುಲೈ 24ರಂದು. ಕೊಬ್ಬರಿ ಮಾರಲು ಅಲ್ಲಿನ ಮಾರುಕಟ್ಟೆಗೆ ಹೋಗಿಬರುತ್ತಿದ್ದ ಅಪ್ಪನಿಗೆ ‘ನಮ್ಮ ಕಡೆಯವನು’ ಎಂಬ ಹೆಮ್ಮೆ ಎಷ್ಟಿತ್ತೋ, ಅಣ್ಣನಿಗೆ ಆ ಹೆಸರು ಕಂಡರೆ ಅಷ್ಟೇ ಸಂಕಟವಿತ್ತು. ನಗು ಬಂದಾಗ ಅಣ್ಣನ ಬಲಗೈ ತಾನಾಗಿ ಮೇಲೆದ್ದು ಬಾಯಿಗೆ ಅಡ್ಡ ಬರುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಅವನ ಮದುವೆಯ ಫೋಟೊದಲ್ಲಿಯೂ ಆ ಕೈ ಎದೆಯ ಮಟ್ಟದಲ್ಲಿ, ಮೇಲೇಳುವುದಕ್ಕೆ ಸಿದ್ಧವಾದಂತೆ ನಿಂತಿದೆ.

ಊರಿನಿಂದ ಬಂದ ಮೇಲೆಯೂ ಆ ಮಧ್ಯಾಹ್ನ ನನ್ನನ್ನು ಬಿಡಲಿಲ್ಲ. ನಾವೆಲ್ಲ ಐವತ್ತು ವರ್ಷ ನಕ್ಕದ್ದು ಯಾವುದಕ್ಕೆ? ಆ ಹಲ್ಲಿಗೋ, ಆ ಕಲಾವಿದ ಮಾಡುತ್ತಿದ್ದ ಕೆಲಸಕ್ಕೋ? ಈ ಪ್ರಶ್ನೆ ಇಟ್ಟುಕೊಂಡು ನರಸಿಂಹರಾಜು ಅವರ ಚಿತ್ರಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ಅವರ ಬದುಕಿನ ಬಗ್ಗೆ ನನಗೆ ತಿಳಿದಿದ್ದನ್ನೆಲ್ಲ ಹೊಸದಾಗಿ ಜೋಡಿಸಿಕೊಂಡು ಯೋಚಿಸಿದೆ. ಈ ಬರಹ ಅದರಿಂದ ಹುಟ್ಟಿದ್ದು.

ಟೆಂಟಿನಲ್ಲಿ ದೀಪ ಹತ್ತಿದಾಗ

ಸಂತೆ ಮೈದಾನದಲ್ಲಿ ಟೂರಿಂಗ್ ಟಾಕೀಸು ಬಂದು ಬೀಡುಬಿಡುತ್ತಿದ್ದ ಕಾಲ. ನನಗೆ ಏಳು ವರ್ಷವಿರಬೇಕು, ಅಣ್ಣನಿಗೆ ಹದಿನಾರು. ‘ಶ್ರೀ ಕೃಷ್ಣದೇವರಾಯ’ ಚಿತ್ರ ಪೇಟೆಗಳಲ್ಲೆಲ್ಲ ಓಡಿ ಮುಗಿದು ಕೆಲವು ವರ್ಷಗಳ ಮೇಲೆ ನಮ್ಮ ಟೆಂಟಿಗೆ ಬಂದಿತ್ತು. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಅಪ್ಪ ಬೆಂಚಿನಲ್ಲಿ ಕುಳಿತರೆ, ನಾವಿಬ್ಬರೂ ಮುಂದೆ ಮರಳಿನ ಮೇಲೆ ಟವೆಲ್ ಹಾಸಿಕೊಂಡು ಕುಳಿತಿದ್ದೆವು. 1970ರ ಆ ಚಿತ್ರದಲ್ಲಿ ರಾಜ್‌ಕುಮಾರ್ ಕೃಷ್ಣದೇವರಾಯ, ನಿರ್ದೇಶಕ ಬಿ.ಆರ್. ಪಂತುಲು ಅವರೇ ತಿಮ್ಮರುಸು, ನರಸಿಂಹರಾಜು ತೆನಾಲಿ ರಾಮಕೃಷ್ಣ. ಅವರು ತೆರೆಗೆ ಬಂದದ್ದೇ ತಡ, ಇನ್ನೂ ಒಂದು ಮಾತೂ ಆಡಿರಲಿಲ್ಲ, ಇಡೀ ಟೆಂಟು ನಗುವಿನಿಂದ ಅಲುಗಿತು. ಆ ನಗುವಿನ ನಡುವೆ ಹಿಂದಿನಿಂದ ಯಾರೋ ಅಣ್ಣನ ವಾರಿಗೆಯ ಹುಡುಗ ಕೂಗಿದ: ‘ಲೇ, ನಿಮ್ಮಣ್ಣ ಬಂದ ನೋಡ್ಲಾ!’

ಕತ್ತಲೆಯಲ್ಲಿ ಅದು ಹೇಗೋ ಕಳೆದುಹೋಗುತ್ತಿತ್ತು. ಆದರೆ ಟೂರಿಂಗ್ ಟಾಕೀಸಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದರೆ ಇನ್ನೊಂದನ್ನು ಏರಿಸುವ ತನಕ ದೀಪ ಹಾಕುತ್ತಿದ್ದರು. ಆ ಹುಡುಗ ಕೂಗಿದ ಸ್ವಲ್ಪ ಹೊತ್ತಿಗೇ ರೀಲು ಮುಗಿದು ದೀಪ ಹತ್ತಿತು. ಮುಂದೆ ಕುಳಿತಿದ್ದವರು ಹಿಂದಕ್ಕೆ ತಿರುಗಿ, ಹಿಂದೆ ಇದ್ದವರು ಕತ್ತು ಉದ್ದ ಮಾಡಿ ಅಣ್ಣನ ಮುಖ ನೋಡಿದರು. ಆ ನೋಟದಲ್ಲಿ ಕೆಟ್ಟತನವಿತ್ತು ಎಂದು ನಾನು ಇಂದಿಗೂ ಹೇಳಲಾರೆ. ಜಾತ್ರೆಯಲ್ಲಿ ಒಂದು ಗೊಂಬೆಯನ್ನು ನೋಡಿ ಅದರ ಜೋಡಿ ಎಲ್ಲಿದೆ ಎಂದು ಹುಡುಕುವಂಥ ಕುತೂಹಲ ಅದು. ಅಣ್ಣ ನಮ್ಮ ಕೆಳಗೆ ಹಾಸಿದ್ದ ಟವೆಲನ್ನು ಎಳೆದುಕೊಂಡು ಬಾಯಿಗೆ ಅಡ್ಡ ಹಿಡಿದ. ಮರಳು ಉದುರಿ ನನ್ನ ತೊಡೆಯ ಮೇಲೆಲ್ಲ ಬಿತ್ತು. ಇನ್ನೊಂದು ರೀಲು ಶುರುವಾಗಿ ದೀಪ ಆರುವುದನ್ನೇ ಕಾದಿದ್ದು, ಬಗ್ಗಿಕೊಂಡು ಟೆಂಟಿನ ಅಂಚಿಗೆ ಹೋಗಿ, ಬಟ್ಟೆ ಎತ್ತಿ ಹೊರಗೆ ನುಸುಳಿದ. ಅಪ್ಪ ಅದನ್ನು ನೋಡಿದರು. ಮನೆಗೆ ಬಂದ ಮೇಲೆ ಬೈಯಲಿಲ್ಲ. ಮಲಗುವ ಮುಂಚೆ ಅಣ್ಣನ ಹತ್ತಿರ ಕುಳಿತು, ‘ಅವನ ಹಲ್ಲು ನೋಡಬೇಡ ಕಣಪ್ಪ. ಮಾತು ಎಲ್ಲಿ ನಿಲ್ಲಿಸ್ತಾನೆ, ಅದನ್ನ ನೋಡು’ ಎಂದರು. ಹದಿನಾರರ ಹುಡುಗನಿಗೆ ಆ ಮಾತಿನಿಂದ ಏನೂ ಸಮಾಧಾನವಾಗಲಿಲ್ಲ. ನನಗೂ ಆಗ ಅದು ಅರ್ಥವಾಗಲಿಲ್ಲ.

ಅಪ್ಪ ಕಂಪನಿ ನಾಟಕಗಳ ಹುಚ್ಚಿನವರು. ಕಂಪನಿಯವರು ತಿಪಟೂರಿನಲ್ಲಿ ಮೊಕ್ಕಾಂ ಮಾಡಿದರೆಂದರೆ, ಕೊಬ್ಬರಿ ಮಾರಿದ ದಿನ ರಾತ್ರಿಯೇ ಊರಿಗೆ ಬರುತ್ತಿರಲಿಲ್ಲ. ನಾಟಕ ನೋಡಿ, ಬೆಳಗಿನ ಜಾವ ಗಾಡಿ ಹೊಡೆದುಕೊಂಡು ಬರುತ್ತಿದ್ದರು. ನಟನೊಬ್ಬ ಮಾತನ್ನು ಎಲ್ಲಿ ನಿಲ್ಲಿಸುತ್ತಾನೆ ಎಂದು ಗಮನಿಸುವ ಅಭ್ಯಾಸ ಅವರಿಗೆ ಬಂದದ್ದು ಅಲ್ಲಿಂದಲೇ.

ಪರದೆಯ ಮುಂದಿನ ಹತ್ತು ನಿಮಿಷ

ನರಸಿಂಹರಾಜು ಅವರ ಬದುಕನ್ನು ಎರಡು ಪಾಲು ಮಾಡಿ ನೋಡಿದರೆ ಒಂದು ವಿಷಯ ತಕ್ಷಣ ಎದ್ದು ಕಾಣುತ್ತದೆ. ನಾಲ್ಕನೆಯ ವಯಸ್ಸಿಗೇ ಅವರು ಬಣ್ಣ ಹಚ್ಚಿದರು. ಸೋದರಮಾವ ಅವರನ್ನು ಸಿ.ಬಿ. ಮಲ್ಲಪ್ಪನವರ ನಾಟಕ ಮಂಡಳಿಗೆ ಸೇರಿಸಿದರು. ಅಂದರೆ ಸುಮಾರು 1927ರ ಮಾತು. ‘ಬೇಡರ ಕಣ್ಣಪ್ಪ’ ಬಿಡುಗಡೆಯಾದದ್ದು 1954ರಲ್ಲಿ, ಅವರು ತೀರಿಕೊಂಡದ್ದು 1979ರಲ್ಲಿ. ಸಿನಿಮಾದಲ್ಲಿ ಅವರು ಇದ್ದದ್ದು 25 ವರ್ಷ, ಅದಕ್ಕೂ ಮುಂಚೆ ರಂಗದ ಮೇಲೆ ಕಳೆದದ್ದು 27 ವರ್ಷ. ನಮಗೆ ಸಿಕ್ಕಿರುವುದು ಎರಡನೆಯ ಪಾಲು ಮಾತ್ರ. ಮೊದಲನೆಯದು, ಅಂದರೆ ಹೆಚ್ಚಿನದು, ಯಾವ ರೀಲಿನಲ್ಲಿಯೂ ಇಲ್ಲ. ಅದು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ತಗಡಿನ ಥಿಯೇಟರುಗಳಲ್ಲಿ, ನಮ್ಮ ಅಪ್ಪನಂಥವರ ಕಣ್ಣೆದುರು ನಡೆದು ಅವರ ಜೊತೆಗೇ ಹೋಗಿಬಿಟ್ಟಿತು. ಅವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಆ ಕಾಣದ ಪಾಲಿನ ಬಗ್ಗೆಯೇ ಯೋಚಿಸಬೇಕು ಎಂದು ನನಗೆ ಅನ್ನಿಸುತ್ತದೆ.

ಕಂಪನಿಗೆ ಸೇರಿದ ಹುಡುಗನ ಪಾಲಿಗೆ ಬರುತ್ತಿದ್ದದ್ದು ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣರಂಥ ಪಾತ್ರಗಳು. ಎಳೆಯ ಕಂಠ ಒಡೆಯುವ ತನಕ ಅವನಿಗೆ ಬೆಲೆ. ಕಂಠ ಒಡೆದ ಮೇಲೆ ಅವನು ಮತ್ತೆ ಮೊದಲಿನಿಂದ ಜಾಗ ಹುಡುಕಿಕೊಳ್ಳಬೇಕು. ಹಾಡುಗಾರಿಕೆ, ಮೈಕಟ್ಟು, ರೂಪ ಇದ್ದವರು ರಾಜಪಾತ್ರಗಳಿಗೆ ಹೋಗುತ್ತಿದ್ದರು. ಹಾಸ್ಯಪಾತ್ರ ಯಾರಿಗೆ ಸಿಗುತ್ತಿತ್ತು? ರಾಜಪಾತ್ರಕ್ಕೆ ಒಗ್ಗದ ಮುಖದವರಿಗೆ ಎಂದು ನಾನು ಬಹಳ ಕಾಲ ನಂಬಿದ್ದೆ. ಕಂಪನಿ ನಾಟಕದ ಒಳಗಿನ ವ್ಯವಸ್ಥೆ ತಿಳಿದ ಮೇಲೆ ಆ ನಂಬಿಕೆ ಬಿಟ್ಟುಹೋಯಿತು.

ಕಂಪನಿ ನಾಟಕದ ರಂಗದಲ್ಲಿ ಪರದೆಗಳು ಸಾಲಾಗಿ ಇರುತ್ತಿದ್ದವು. ಹಿಂದೆ ದರ್ಬಾರು, ಕಾಡು, ಕೈಲಾಸದಂಥ ದೊಡ್ಡ ದೃಶ್ಯಗಳು, ಮುಂದೆ ಬೀದಿಯ ಚಿತ್ರವಿರುವ ರಸ್ತೆ ಪರದೆ. ದರ್ಬಾರು ಮುಗಿದು ಕಾಡಿನ ದೃಶ್ಯ ಸಿದ್ಧವಾಗಬೇಕೆಂದರೆ ಒಳಗೆ ಸಿಂಹಾಸನ ಎತ್ತಬೇಕು, ಗಿಡ ನಿಲ್ಲಿಸಬೇಕು, ನಟರು ವೇಷ ಬದಲಿಸಬೇಕು. ಅಷ್ಟು ಹೊತ್ತು ರಸ್ತೆ ಪರದೆ ಇಳಿಬಿಟ್ಟು ಅದರ ಮುಂದೆ ಹಾಸ್ಯದ ದೃಶ್ಯ ನಡೆಸುತ್ತಿದ್ದರು. ಒಳಗೆ ಕೆಲಸ ಹತ್ತು ನಿಮಿಷಕ್ಕೆ ಮುಗಿಯಬಹುದು, ಹದಿನೈದೂ ಆಗಬಹುದು. ವಿಂಗಿನಿಂದ ಸನ್ನೆ ಬರುವ ತನಕ ಹಾಸ್ಯಗಾರ ಎಳೆಯಬೇಕು. ಸನ್ನೆ ಬಂದ ಕೂಡಲೇ, ಎಳೆದದ್ದು ಯಾರಿಗೂ ತಿಳಿಯದಂತೆ ಮುಗಿಸಬೇಕು. ಮುಂದೆ ಸಾವಿರ ಜನ, ಬೆನ್ನ ಹಿಂದೆ ಮೊಳೆ ಹೊಡೆಯುವ ಸದ್ದು. ಆ ಸದ್ದು ಜನರ ಕಿವಿಗೆ ಬೀಳದಷ್ಟು ಅವರನ್ನು ನಗಿಸುತ್ತಿರಬೇಕು. ಈ ಕೆಲಸವನ್ನು ಒಬ್ಬನ ಮುಖ ನೋಡಿ ವಹಿಸಲಾಗುವುದಿಲ್ಲ. ಕಂಪನಿಯಲ್ಲಿ ಅತ್ಯಂತ ಸಮಯಪ್ರಜ್ಞೆಯುಳ್ಳವನಿಗೇ ವಹಿಸಬೇಕು. ‘ಮಾತು ಎಲ್ಲಿ ನಿಲ್ಲಿಸ್ತಾನೆ ನೋಡು’ ಎಂದು ಅಪ್ಪ ಹೇಳಿದ್ದರ ಹಿಂದೆ ಇಷ್ಟೆಲ್ಲ ಇತ್ತು.

ನರಸಿಂಹರಾಜು ಅವರ ಯಾವುದೇ ಹಳೆಯ ದೃಶ್ಯವನ್ನು ಈ ಹಿನ್ನೆಲೆಯಲ್ಲಿ ನೋಡಿ. ಆ ಸಣಕಲು ಮೈ, ಒಳಗೆ ಹೋದ ಕೆನ್ನೆ, ಮುಂದೆ ಬಂದ ಹಲ್ಲು ಮೊದಲು ಕಣ್ಣಿಗೆ ಬೀಳುತ್ತವೆ, ನಿಜ. ಆದರೆ ಅವರು ಆ ಹಲ್ಲನ್ನು ತೋರಿಸಿ ನಗಿಸುವ ಗೋಜಿಗೆ ಹೋಗುವುದು ಬಹಳ ಕಡಿಮೆ. ಎದುರಿನವರ ಮಾತು ಮುಗಿಯುವುದಕ್ಕೂ ತಮ್ಮ ಮಾತು ಶುರುವಾಗುವುದಕ್ಕೂ ನಡುವೆ ಒಂದು ಕಣ್ಣುರೆಪ್ಪೆಯಷ್ಟು ಅಂತರವನ್ನು ಅವರು ಹಿಡಿದಿಡುತ್ತಾರೆ. ನಗು ಹುಟ್ಟುವುದು ಆ ಅಂತರದಲ್ಲಿ. ಎದುರಿಗೆ ಬಾಲಕೃಷ್ಣ ಇದ್ದಾಗಲಂತೂ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಾಲಕೃಷ್ಣ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಯೇ ತಮ್ಮ ಮಾತಿನ ಸರದಿ ತಿಳಿದುಕೊಳ್ಳುತ್ತಿದ್ದರು. ಹಾಗಿದ್ದರೂ ಅವರಿಬ್ಬರ ಸಂಭಾಷಣೆಯಲ್ಲಿ ಒಂದು ಕೂದಲೆಳೆಯಷ್ಟು ಕೂಡ ತಾಳ ತಪ್ಪುವುದಿಲ್ಲ. ಒಬ್ಬರು ಇನ್ನೊಬ್ಬರ ಬಾಯಿಯನ್ನೇ ನೋಡುತ್ತಾ ಮಾತನಾಡುತ್ತಿದ್ದಾರೆ ಎಂದು ತಿಳಿದ ಮೇಲೆ ಆ ದೃಶ್ಯಗಳನ್ನು ನೋಡುವಾಗ ನನಗೆ ನಗುವಿನ ಜೊತೆ ಗೌರವವೂ ಉಕ್ಕಿ ಬರುತ್ತದೆ.

ಯಜಮಾನನ ಪಾತ್ರದಿಂದ ಪಕ್ಕದ ಪಾತ್ರಕ್ಕೆ

ನರಸಿಂಹರಾಜು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿಯೂ ಇದ್ದರು. ಆ ಕಂಪನಿಯಲ್ಲಿ ಹಾಸ್ಯಗಾರನ ಸ್ಥಾನ ಏನಾಗಿತ್ತು ಎಂಬುದಕ್ಕೆ ಯಜಮಾನರಾದ ವೀರಣ್ಣನವರೇ ಉದಾಹರಣೆ. ‘ಸದಾರಮೆ’ ನಾಟಕದಲ್ಲಿ ರಾಜಕುಮಾರನ ಪಾತ್ರವನ್ನು ಬೇರೆಯವರಿಗೆ ಬಿಟ್ಟು, ತಾವು ಕಳ್ಳನ ಪಾತ್ರ ಮಾಡುತ್ತಿದ್ದರು. ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದದ್ದೇ ಆ ಕಳ್ಳನನ್ನು ನೋಡಲು. ನೂರಾರು ಜನಕ್ಕೆ ಅನ್ನ ಕೊಡುತ್ತಿದ್ದ ಕಂಪನಿಯ ಒಡೆಯನೇ ಹಾಸ್ಯಗಾರ. ಕರಾವಳಿಯ ಯಕ್ಷಗಾನ ಮೇಳಗಳಲ್ಲಿಯೂ ಹಾಸ್ಯಗಾರನಿಗೆ ಇಂಥದೇ ಗೌರವ ಇದೆ. ಎಲ್ಲ ಪ್ರಸಂಗಗಳ ನಡೆ ಗೊತ್ತಿದ್ದವನೇ ಆ ಸ್ಥಾನಕ್ಕೆ ಬರಬೇಕು. ಒಂದೇ ರಾತ್ರಿ ಅವನು ದೂತನೂ ಆಗುತ್ತಾನೆ, ಬ್ರಾಹ್ಮಣನೂ ಆಗುತ್ತಾನೆ, ಮುದುಕಿಯೂ ಆಗುತ್ತಾನೆ.

ಸಿನಿಮಾ ಬಂದಾಗ ಈ ಶ್ರೇಣಿ ತಲೆಕೆಳಗಾಯಿತು. ಕ್ಯಾಮೆರಾ ಮುಖಕ್ಕೆ ಹತ್ತಿರ ಹೋಗುತ್ತದೆ. ಹತ್ತಿರ ಹೋದಾಗ ನೋಡುವವರಿಗೆ ಬೇಕಾದದ್ದು ನಾಯಕನ ಮುಖ. ಹಾಸ್ಯ ಎಂಬುದು ಕಥೆಯ ಪಕ್ಕದಲ್ಲಿ ಓಡುವ ಬೇರೆ ಎಳೆಯಾಯಿತು. ನಾಯಕ ನಾಯಕಿಗೆ ಒಂದು ಪ್ರೇಮಕಥೆ ಇದ್ದರೆ ಅದರ ನೆರಳಿನಂತೆ ಹಾಸ್ಯನಟನಿಗೂ ಒಂದು ಜೋಡಿ. ನರಸಿಂಹರಾಜು ಅವರಿಗೆ ಎಂ.ಎನ್. ಲಕ್ಷ್ಮೀದೇವಿಯೋ ಬಿ. ಜಯಾ ಅವರೋ ಜೋಡಿಯಾಗುತ್ತಿದ್ದರು. ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಒಟ್ಟಿಗೆ ಬೆಳಕಿಗೆ ಬಂದರು. ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಅದರಲ್ಲಿ ನರಸಿಂಹರಾಜು ಅವರದು ಕಾಶಿಯ ಪಾತ್ರ. ಆಗ ಅವರಿಗೆ ಮೂವತ್ತು ತುಂಬಿತ್ತು, ರಾಜ್‌ಕುಮಾರ್‌ಗಿಂತ ಆರು ವರ್ಷ ದೊಡ್ಡವರು. ಒಂದೇ ಚಿತ್ರದಿಂದ ಹೊರಟ ಮೂವರಲ್ಲಿ ಒಬ್ಬರು ನಾಯಕರಾದರು, ಒಬ್ಬರು ಬರಹ ನಿರ್ದೇಶನಗಳ ಕಡೆ ಹೊರಳಿದರು, ಒಬ್ಬರು ಹಾಸ್ಯನಟರಾಗಿಯೇ ಉಳಿದರು. ‘ಹಾಸ್ಯ ಚಕ್ರವರ್ತಿ’ ಎಂಬ ಬಿರುದೇನೋ ಬಂತು. ಆದರೆ ಕೇವಲ ‘ನಟ’ ಎಂದು ಕರೆಯುವುದಕ್ಕೆ ನಮ್ಮ ನಾಲಗೆ ಏಕೋ ಹಿಂಜರಿಯಿತು. ರಾಜ್‌ಕುಮಾರ್ ನಟ, ಅಶ್ವತ್ಥ್ ನಟ, ನರಸಿಂಹರಾಜು ಹಾಸ್ಯನಟ. ಮುಂದೆ ಸೇರಿಸಿದ ಆ ಒಂದು ಪದದಿಂದ ನಾವು ಅವರ ಬೆಲೆಯನ್ನು ಕಡಿಮೆ ಮಾಡಿದೆವು ಎಂದು ನನಗೆ ಈಗ ತೋರುತ್ತದೆ. ಅದು ಅನ್ಯಾಯ.

ಅವರಿಗೆ ತಮ್ಮ ಕಸುಬಿನ ಬಗ್ಗೆ ಎಷ್ಟು ನಿಷ್ಠೆಯಿತ್ತು ಎಂಬುದನ್ನು ತೋರಿಸುವ ಒಂದು ಘಟ್ಟವನ್ನು ಇಲ್ಲಿ ನೆನೆಯಬೇಕು. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳು ಕಡಿಮೆಯಾಗಿ, ಮದ್ರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದ ಕನ್ನಡ ಕಲಾವಿದರಿಗೆ ಕೆಲಸವೇ ಇಲ್ಲದಂತಾದಾಗ, ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿದರು. ಸಿನಿಮಾದಲ್ಲಿ ಹೆಸರು ಮಾಡಿದ ಮೇಲೂ ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ನಾಡಿನಲ್ಲೆಲ್ಲ ತಿರುಗಿ ನಾಟಕ ಆಡಿದರು. ಆ ಒಗ್ಗಟ್ಟಿನಿಂದ 1960ರಲ್ಲಿ ‘ರಣಧೀರ ಕಂಠೀರವ’ ಬಂತು. ತೆರೆಯ ಮೇಲೆ ನಾಯಕನ ಪಕ್ಕದಲ್ಲಿ ನಿಲ್ಲುವ ಹಾಸ್ಯನಟ, ತೆರೆಯ ಹಿಂದೆ ಆ ಚಿತ್ರಕ್ಕೆ ಹೆಗಲು ಕೊಟ್ಟ ಪಾಲುದಾರರಲ್ಲಿ ಒಬ್ಬರು. ಕನ್ನಡ ಚಿತ್ರರಂಗ ಉಳಿದ ಕಥೆಯನ್ನು ಹೇಳುವಾಗ ಈ ನಾಲ್ವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು.

ಇನ್ನೊಂದು ಸಂಗತಿಯನ್ನು ಇಂದಿನ ಎಷ್ಟೋ ಜನ ಮರೆತಿದ್ದಾರೆ. ನೂರು ಚಿತ್ರಗಳ ಗಡಿಯನ್ನು ನರಸಿಂಹರಾಜು ರಾಜ್‌ಕುಮಾರ್‌ಗಿಂತ ಮುಂಚೆಯೇ ಮುಟ್ಟಿದರು. ರಾಜ್‌ಕುಮಾರ್ ಅವರ ನೂರನೆಯ ಚಿತ್ರ ‘ಭಾಗ್ಯದ ಬಾಗಿಲು’ 1968ರದು. ನರಸಿಂಹರಾಜು ಅವರ ನೂರನೆಯದು 1967ರ ‘ನಕ್ಕರೆ ಅದೇ ಸ್ವರ್ಗ’. ಎಂ.ಆರ್. ವಿಠಲ್ ನಿರ್ದೇಶಿಸಿದ ಆ ಚಿತ್ರದಲ್ಲಿ ಅವರದು ಪಕ್ಕದ ಪಾತ್ರವಲ್ಲ, ಕಥೆಯ ನಡುವಿನ ಪಾತ್ರ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ ಚಿತ್ರ ಎಂದು ಈಗ ಅದನ್ನು ನೆನೆಯುವವರೇ ಹೆಚ್ಚು. ಅದು ಒಬ್ಬ ಹಾಸ್ಯಗಾರನಿಗೆ ಅವನ ಹಳೆಯ ಸ್ಥಾನವನ್ನು ಸಿನಿಮಾ ಮತ್ತೆ ಕೊಟ್ಟ ಅಪರೂಪದ ಸಂದರ್ಭ ಎಂದು ನಾನು ನೆನೆಯುತ್ತೇನೆ. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರವನ್ನು ತಾವೇ ನಿರ್ಮಿಸಿ, ಆ ಹೆಸರಿನ ಪಾತ್ರವನ್ನೂ ತಾವೇ ಮಾಡಿದರು. ವೀರಣ್ಣನವರ ಕಂಪನಿಯಲ್ಲಿ ಕಂಡಿದ್ದ ಯಜಮಾನ-ಹಾಸ್ಯಗಾರನ ಚಿತ್ರ ಅವರ ಮನಸ್ಸಿನಲ್ಲಿ ಉಳಿದಿತ್ತೇನೋ.

ಬೆನ್ನು ಬಿಡದವನು

ಈಗ ನಕ್ಷತ್ರಿಕನ ಹತ್ತಿರ ಬರುತ್ತೇನೆ. ನಮ್ಮ ಕಡೆ ಸಾಲ ವಸೂಲಿಗೆ ಬಂದು ಜಗುಲಿಯ ಮೇಲೆ ಕುಳಿತವನಿಗೆ ‘ನಕ್ಷತ್ರಿಕನ ಹಂಗೆ ಬೆನ್ನು ಹತ್ತಿದಾನೆ’ ಎನ್ನುತ್ತಾರೆ. ರಾಘವಾಂಕನ ಕಾವ್ಯದಿಂದ ಹೊರಟು ನಾಟಕ, ಸಿನಿಮಾಗಳಲ್ಲಿ ಹಾಯ್ದು ಮನೆಮಾತಿಗೆ ಇಳಿದ ಪಾತ್ರ ಅದು. ರಾಜ್ಯ ಬಿಟ್ಟು ಹೆಂಡತಿ ಮಗನೊಂದಿಗೆ ಕಾಶಿಗೆ ನಡೆಯುತ್ತಿರುವ ಹರಿಶ್ಚಂದ್ರನ ಜೊತೆ ವಿಶ್ವಾಮಿತ್ರ ತನ್ನ ಶಿಷ್ಯನನ್ನು ಕಳಿಸುತ್ತಾನೆ. ಸಾಲ ಕೊಡು ಎಂದು ಪೀಡಿಸುವುದು, ದಾರಿಯಲ್ಲಿ ಹಸಿವೆಂದು, ಸುಸ್ತೆಂದು ಕಾಡುವುದು, ಹೇಗಾದರೂ ಮಾಡಿ ಒಂದೇ ಒಂದು ಸುಳ್ಳನ್ನು ಅವನ ಬಾಯಿಂದ ಹೊರಡಿಸುವುದು ಆ ಶಿಷ್ಯನ ಕೆಲಸ.

ಇದನ್ನು ಆಡುವುದು ಎಷ್ಟು ಕಷ್ಟ ಎಂದು ಸ್ವಲ್ಪ ಯೋಚಿಸಬೇಕು. ನಕ್ಷತ್ರಿಕ ಮಾಡುವುದು ಕ್ರೌರ್ಯ. ಎಲ್ಲವನ್ನೂ ಕಳೆದುಕೊಂಡ ಒಬ್ಬ ಮನುಷ್ಯನನ್ನು ಅವನ ಹಸಿದ ಮಗುವಿನ ಎದುರಿಗೇ ಹಿಂಸಿಸುತ್ತಾನೆ. ಆ ಕ್ರೌರ್ಯವನ್ನು ಪೂರಾ ಗಂಭೀರವಾಗಿ ಆಡಿದರೆ ನೋಡುವವರು ತಡೆದುಕೊಳ್ಳಲಾರರು. ಪೂರಾ ಹಾಸ್ಯ ಮಾಡಿದರೆ ಹರಿಶ್ಚಂದ್ರನ ಸಂಕಟವೇ ಹಗುರವಾಗಿ ಕಥೆ ಕುಸಿಯುತ್ತದೆ. ನಗುವವನ ಎದೆಯಲ್ಲಿ ‘ಛೆ, ನಾನು ಯಾವುದಕ್ಕೆ ನಗುತ್ತಿದ್ದೇನೆ’ ಎಂಬ ಮುಳ್ಳು ಚುಚ್ಚುತ್ತಿರುವಷ್ಟು ಮಾತ್ರ ನಗಿಸಬೇಕು. ಹುಣಸೂರು ಕೃಷ್ಣಮೂರ್ತಿಯವರ ಚಿತ್ರದಲ್ಲಿ ನರಸಿಂಹರಾಜು ಸಾಧಿಸುವುದು ಇದನ್ನೇ. ರಾಜ್‌ಕುಮಾರ್ ಅವರ ಹರಿಶ್ಚಂದ್ರ ತಾಳ್ಮೆಯಿಂದ ತುಂಬಿ ನಿಂತ ಕೆರೆಯಂತಿದ್ದರೆ, ನಕ್ಷತ್ರಿಕ ಆ ಕೆರೆಗೆ ಒಂದೊಂದೇ ಕಲ್ಲು ಎಸೆಯುತ್ತಾ ಹೋಗುತ್ತಾನೆ. ಪ್ರತಿ ಕಲ್ಲು ಬಿದ್ದ ಮೇಲೂ ಒಂದು ಕ್ಷಣ ಸುಮ್ಮನಾಗಿ, ಅಲೆ ಎಲ್ಲಿಯವರೆಗೆ ಹೋಯಿತು ಎಂದು ನೋಡುತ್ತಾನೆ. ಆ ನೋಡುವ ಕ್ಷಣದಲ್ಲಿ ನರಸಿಂಹರಾಜು ಅವರ ಕಣ್ಣುಗಳನ್ನು ಗಮನಿಸಬೇಕು. ತುಟಿ ಇನ್ನೂ ಕುಚೋದ್ಯದಲ್ಲಿ ಇರುವಾಗಲೇ ಕಣ್ಣು ಬೇರೆ ಏನನ್ನೋ ಹೇಳುತ್ತಿರುತ್ತದೆ. ಗುರುವಿನ ಆಜ್ಞೆ ಒಂದು ಕಡೆ, ಎದುರಿಗಿರುವವನ ಮೇಲೆ ಹುಟ್ಟುತ್ತಿರುವ ಭಕ್ತಿ ಇನ್ನೊಂದು ಕಡೆ. ಎರಡನ್ನೂ ಒಂದೇ ಮುಖದಲ್ಲಿ ಇಟ್ಟುಕೊಂಡು, ಯಾವುದನ್ನೂ ಬಾಯಿಬಿಟ್ಟು ಹೇಳದೆ ಕಾಶಿಯ ತನಕ ನಡೆಸುತ್ತಾರೆ.

ಆ ಹಲ್ಲು ಇಲ್ಲಿ ಎಲ್ಲಿಗೆ ಹೋಯಿತು? ಅಲ್ಲೇ ಇದೆ. ಆದರೆ ನಗಿಸುವ ಸಾಮಗ್ರಿಯಾಗಿ ಉಳಿದಿಲ್ಲ. ನಮ್ಮ ನಿಮ್ಮ ನಡುವಿನ ಒಬ್ಬ ಮನುಷ್ಯನಿಗೆ ಇರಬಹುದಾದ ಹಲ್ಲಿನ ಹಾಗೆ ಇದೆ. ಈ ಮಾತನ್ನು ಬರೆಯುವಾಗ ಟೆಂಟಿನಲ್ಲಿ ದೀಪ ಹತ್ತಿದ ಗಳಿಗೆ ನನ್ನ ಕಣ್ಣ ಮುಂದೆ ಬರುತ್ತದೆ. ಅಂದು ತಿರುಗಿ ನೋಡಿದವರಿಗೆ ಅಣ್ಣನ ಹಲ್ಲು ಕಂಡಿತು, ಅವನಿಗೆ ನೋವಾದದ್ದು ಕಾಣಲಿಲ್ಲ. ತೆರೆಯ ಮೇಲಿನ ಮುಖದಲ್ಲಿಯೂ ಅವರಿಗೆ ಹಲ್ಲೇ ಕಂಡಿತು, ತೆನಾಲಿ ರಾಮಕೃಷ್ಣನ ಬುದ್ಧಿ ಕಾಣಲಿಲ್ಲ.

ಪಾತ್ರ ಹಂಚಿದ ರಾತ್ರಿ

1979ರ ಜಾತ್ರೆಗೆ ನಮ್ಮೂರಿನವರು ‘ಸತ್ಯ ಹರಿಶ್ಚಂದ್ರ’ ನಾಟಕ ಆಡಬೇಕೆಂದು ನಿಶ್ಚಯಿಸಿದರು. ಬೇರೆ ಊರಿನಿಂದ ನಾಟಕದ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದು ಇಳಿದರು. ರಾಮದೇವರ ಗುಡಿಯ ಮುಂದೆ ಪಾತ್ರ ಹಂಚುವಾಗ, ಇಪ್ಪತ್ತೊಂದು ವರ್ಷದ ಅಣ್ಣ ಲೋಟದಲ್ಲಿ ಎಲ್ಲರಿಗೂ ಕಾಫಿ ಕೊಡುತ್ತಿದ್ದ. ಅವನಿಗೆ ಕಂಠ ಚೆನ್ನಾಗಿತ್ತು. ಹರಿಶ್ಚಂದ್ರನ ಪಾತ್ರ ಸಿಗದಿದ್ದರೂ ವಿಶ್ವಾಮಿತ್ರನೋ ವಸಿಷ್ಠನೋ ಸಿಗಬಹುದು ಎಂಬ ಆಸೆಯಿತ್ತು. ಮೇಷ್ಟ್ರು ಅವನ ಮುಖ ನೋಡಿ, ‘ಇಲ್ಲೇ ಇದಾನಲ್ಲಪ್ಪ ನಕ್ಷತ್ರಿಕ! ಹೇಳಿ ಮಾಡಿಸಿದ ಮುಖ’ ಎಂದರು. ಎಲ್ಲರೂ ನಕ್ಕರು. ಅಣ್ಣ ಕಾಫಿಯ ಚೊಂಬನ್ನು ಕೆಳಗಿಟ್ಟು ಮನೆಗೆ ಬಂದ. ಅಪ್ಪ ಎಷ್ಟು ಹೇಳಿದರೂ ಮತ್ತೆ ತಾಲೀಮಿಗೆ ಹೋಗಲಿಲ್ಲ. ಪಾತ್ರ ಇನ್ನೊಬ್ಬನಿಗೆ ಹೋಯಿತು. ನಾಟಕದ ರಾತ್ರಿ ಇಡೀ ಊರು ಬಯಲಿನಲ್ಲಿ ಸೇರಿದ್ದಾಗ ಅವನೊಬ್ಬ ತೋಟದ ಮನೆಯಲ್ಲಿ ಮಲಗಿದ್ದ.

ಅದೇ ವರ್ಷ ಜುಲೈ ತಿಂಗಳಲ್ಲಿ ನರಸಿಂಹರಾಜು ತೀರಿಕೊಂಡರು. ಐವತ್ತಾರು ತುಂಬಲು ಕೆಲವೇ ದಿನಗಳು ಬಾಕಿ ಇದ್ದವು. ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ್ದ ಮನುಷ್ಯ. ಅಪ್ಪ ರೇಡಿಯೋದಲ್ಲಿ ಸುದ್ದಿ ಕೇಳಿ ‘ನಮ್ಮ ಕಡೆಯವನು ಹೋಗಿಬಿಟ್ಟ’ ಎಂದು ಕಣ್ಣೊರೆಸಿಕೊಂಡರು. ಅಪ್ಪ ಅತ್ತದ್ದನ್ನು ನಾನು ಮೊದಲು ನೋಡಿದ್ದು ಅಂದೇ. ಅಣ್ಣ ಏನೂ ಹೇಳದೆ ಹಿತ್ತಲಿಗೆ ಹೋದ. ಸಂತೋಷದಿಂದ ಹೋದನೋ ದುಃಖದಿಂದ ಹೋದನೋ ಎಂದು ಹನ್ನೆರಡು ವರ್ಷದ ನನಗೆ ತಿಳಿಯಲಿಲ್ಲ, ಕೇಳುವ ಧೈ‍ರ್ಯವೂ ಇರಲಿಲ್ಲ.

ಕಳೆದ ವರ್ಷದ ಆ ಭಾನುವಾರ ನಕ್ಷತ್ರಿಕನ ಭಾಗ ಮುಗಿಯುವ ತನಕವೂ ಅಣ್ಣ ಕದಲಲಿಲ್ಲ. ಮೊಮ್ಮಗಳು ಎರಡು ಮೂರು ಸಲ ಗಟ್ಟಿಯಾಗಿ ನಕ್ಕಳು. ನಗುವಾಗ ಕ್ಲಿಪ್ಪಿನ ತಂತಿ ಹೊಳೆಯುತ್ತಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ‘ತಾತ, ಇವ್ರು ಯಾರು?’ ಎಂದು ಕೇಳಿದಳು. ‘ನರಸಿಂಹರಾಜು ಅಂತ. ದೊಡ್ಡ ನಟರು. ನಮ್ಮ ತಿಪಟೂರಿನವರು’ ಎಂದ ಅಣ್ಣ. ಆಮೇಲೆ ಜಾಹೀರಾತು ಬಂದಾಗ ಟಿ.ವಿ.ಯ ಸದ್ದು ತಗ್ಗಿಸಿ, ನನ್ನ ಕಡೆ ತಿರುಗಿ, ‘ಆ ಪಾತ್ರ ನಾನು ಮಾಡಬೇಕಾಗಿತ್ತು ಕಣೋ’ ಎಂದ.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವನೇ ಮುಂದುವರಿಸಿ, ‘ಪಾತ್ರ ಬಿಟ್ಟು ಬಂದ್ನಲ್ಲ, ಆಮೇಲೂ ಗುಡಿಯ ಹಿಂದೆ ನಿಂತ್ಕೊಂಡು ದಿನಾ ತಾಲೀಮು ಕೇಳ್ತಿದ್ದೆ. ಎಲ್ಲಾ ಬಾಯಿಪಾಠ ಆಗಿತ್ತು’ ಎಂದ. ಎದ್ದು ನಿಂತು ಪಂಚೆಯನ್ನು ಸರಿಮಾಡಿಕೊಂಡ. ‘ನೀನು ಹರಿಶ್ಚಂದ್ರನ ಮಾತು ಹೇಳು’ ಎಂದ. ನನಗೆ ಒಂದು ಮಾತೂ ಗೊತ್ತಿರಲಿಲ್ಲ. ಅದಕ್ಕೆ ಅವನು ಸ್ವಲ್ಪ ಕೂಡ ಬೇಸರ ಮಾಡಿಕೊಳ್ಳದೆ, ಎಡಗಡೆ ತಿರುಗಿ ಹರಿಶ್ಚಂದ್ರನ ಮಾತನ್ನೂ ಬಲಗಡೆ ತಿರುಗಿ ನಕ್ಷತ್ರಿಕನ ಮಾತನ್ನೂ ತಾನೇ ಹೇಳುತ್ತಾ ಹೋದ. ನಡುನಡುವೆ ಹಾರ್ಮೋನಿಯಂ ಬರುವ ಜಾಗದಲ್ಲಿ ಬಾಯಿಯಲ್ಲಿಯೇ ಮಟ್ಟು ಹಿಡಿದ. ಅತ್ತಿಗೆ ಒದ್ದೆ ಕೈಯಲ್ಲಿಯೇ ಬಂದು ಬಾಗಿಲಿನಲ್ಲಿ ನಿಂತರು. ನಕ್ಷತ್ರಿಕನ ಒಂದು ಮಾತಿನ ಕೊನೆಗೆ ಅಣ್ಣ ತಟಕ್ಕನೆ ನಿಲ್ಲಿಸಿ, ಹರಿಶ್ಚಂದ್ರ ಇರಬೇಕಾದ ಜಾಗವನ್ನು ಒಂದು ಗಳಿಗೆ ಸುಮ್ಮನೆ ನೋಡಿದ. ಮೊಮ್ಮಗಳು ಮತ್ತೆ ನಕ್ಕಳು. ಅವನು ಅವಳು ನಕ್ಕು ಮುಗಿಸುವ ತನಕ ಕಾದು, ಮುಂದಿನ ಮಾತು ಎತ್ತಿಕೊಂಡ.